ಹುಳದ ಮನೆಯ ಬೆಳಕಿನ ಪಟ್ಟಿ

ಹುಳ ಹಣ್ಣಾಗುವ ದಿನ ನಮ್ಮಕ್ಕನ ಮನೆಯಲ್ಲಿ ಯಾರಿಗೂ ಮರ್ಯಾದೆ ಇಲ್ಲ. ಬೀಗರು ಬರಲಿ, ಮೀಟರ್ ನೋಡುವವನು ಬರಲಿ, ಕೈಗೆ ಕಾಫಿ ಲೋಟದ ಬದಲು ಹುಳ ಆಯುವ ತಟ್ಟೆ ಬರುತ್ತದೆ. ಹಿಪ್ಪುನೇರಳೆ ಸೊಪ್ಪು ತಿಂದು ತಿಂದು ಬೆರಳುದ್ದ ಬೆಳೆದ ರೇಷ್ಮೆ ಹುಳ ಒಂದು ಬೆಳಿಗ್ಗೆ ಮೇಯುವುದನ್ನು ಬಿಟ್ಟು ತಲೆ ಎತ್ತಿ ಆಡಿಸತೊಡಗುತ್ತದೆ, ಅದರ ಮೈ ದ್ರಾಕ್ಷಿಯ ಹಾಗೆ ತಿಳಿಯಾಗುತ್ತದೆ. ಹಣ್ಣಾಗುವುದು ಅಂದರೆ ಅದು. ಹಣ್ಣಾದದ್ದನ್ನು ಕಣ್ಣಲ್ಲೇ ಗುರುತು ಹಿಡಿದು, ಒಂದೊಂದಾಗಿ ಎತ್ತಿ, ಚಂದ್ರಿಕೆ ಎನ್ನುವ ಬಿದಿರಿನ ದೊಡ್ಡ ತಟ್ಟಿಯ ಮೇಲೆ ಬಿಡಬೇಕು. ಅಲ್ಲಿ ಅದು ಗೂಡು ಕಟ್ಟುತ್ತದೆ. ತಡವಾದರೆ ಕೆಳಗಿನ ಕಸದಲ್ಲೇ ಕಟ್ಟಿಕೊಂಡು ಬಿಡುತ್ತದೆ. ಆ ಗೂಡನ್ನು ಮಾರ್ಕೆಟ್ಟಿನಲ್ಲಿ ಯಾರೂ ಮೂಸಿಯೂ ನೋಡುವುದಿಲ್ಲ.

ಅಕ್ಕನನ್ನು ಕೊಟ್ಟದ್ದು ಜಂಗಮಕೋಟೆಯ ಹತ್ತಿರದ ಹಳ್ಳಿಗೆ. ನಾನು ಚಿಕ್ಕಬಳ್ಳಾಪುರದಲ್ಲಿ ಹೈಸ್ಕೂಲು ವಿಜ್ಞಾನದ ಮೇಡಂ. ಮನೆಯಲ್ಲಿ ಅಡುಗೆಮನೆಯ ಪಕ್ಕದ ಮೇಜು ನನ್ನದು. ಬಿಸ್ಕತ್ತಿನಷ್ಟಗಲದ ಮೈಕ್ರೋಕಂಟ್ರೋಲರ್ ಬೋರ್ಡು, ಎಲ್‌ಇಡಿ ಪಟ್ಟಿ, ತಂತಿ, ಸೋಲ್ಡರ್ ಕಡ್ಡಿ, ಎಲ್ಲ ಅದರ ಮೇಲೆ. ಆ ಮೇಜನ್ನು ಯಾರಾದರೂ ಒರೆಸಲು ಬಂದರೆ ಅವತ್ತು ಮನೆಯಲ್ಲಿ ಜಗಳ. ನನಗೂ ಅಕ್ಕನಿಗೂ ಕೋಪ ಮೂಗಿನ ತುದಿಯಲ್ಲೇ. ಅದು ನಮ್ಮಮ್ಮನ ಕಡೆಯಿಂದ ಬಂದ ಆಸ್ತಿ, ಸಮನಾಗಿ ಹಂಚಿಕೊಂಡಿದ್ದೇವೆ.

ಅಕ್ಕನ ಹಿಂದಿನ ಎರಡು ಬೆಳೆ ಕೈಕೊಟ್ಟಿದ್ದವು. ಹುಳ ಸಾಯಲಿಲ್ಲ, ರೋಗವೂ ಬರಲಿಲ್ಲ. ಗೂಡೇನೋ ಕಟ್ಟಿದವು, ಆದರೆ ಎರಡೆರಡು ಹುಳ ಸೇರಿ ಒಂದೇ ಗೂಡು. ಜೋಡಿ ಗೂಡಿನ ನೂಲು ಸಿಕ್ಕು ಸಿಕ್ಕು, ಬಿಚ್ಚಲು ಬರುವುದಿಲ್ಲ. ನೂಲು ತೆಗೆಯುವ ರೀಲರುಗಳು ಅದನ್ನು ಆಚೆ ತಳ್ಳುತ್ತಾರೆ. ಕಾರಣ ಬೆಳಕು. ಹಣ್ಣಾದ ಹುಳಕ್ಕೆ ಜೋರು ಬೆಳಕು ಆಗದು, ಹದವಾದ ಮಂದ ಬೆಳಕು ಎಲ್ಲ ಕಡೆ ಒಂದೇ ಸಮ ಇರಬೇಕು. ಅಕ್ಕನ ಹುಳದ ಮನೆಗೆ ಕಿಟಕಿ ಇರುವುದು ಪಡುವಣಕ್ಕೆ ಮಾತ್ರ. ಮಧ್ಯಾಹ್ನ ಕಳೆದರೆ ಬಿಸಿಲು ನೇರ ಒಳಗೆ. ಹುಳವೆಲ್ಲ ಕತ್ತಲಿರುವ ಮೂಲೆಗೆ ಓಡಿ, ಒಂದರ ಮೇಲೊಂದು ಬಿದ್ದು ಕಟ್ಟುತ್ತಿದ್ದವು. ಕಿಟಕಿ ಮುಚ್ಚಿದರೆ ಹಣ್ಣು ಯಾವುದು, ಕಾಯಿ ಯಾವುದು ಆಯುವವರಿಗೆ ಕಾಣದು. ಇದ್ದದ್ದು ಒಂದು ಟ್ಯೂಬ್‌ಲೈಟು, ಅದರ ಕೆಳಗೆ ಬೆಳಕು, ಉಳಿದ ಕಡೆ ಕತ್ತಲು.

ಭಾವ ತೀರ್ಮಾನ ಹೇಳಿಯಾಗಿತ್ತು. "ಈ ಸಲಾನೂ ಜೋಡಿ ಗೂಡು ಬಂದ್ರೆ ಸೊಪ್ಪಿನ ತೋಟ ಬುಡ ಸಮೇತ ಕಿತ್ತು ಸೇವಂತಿಗೆ ಇಡ್ತೀನಿ. ಇದೇ ಕೊನೆ ಬೆಳೆ."

ತೋಟ ಅವರದು, ಹುಳ ಅಕ್ಕನದು. ಆ ಮನೆಯಲ್ಲಿ ಅಕ್ಕನ ಮಾತು ನಡೆಯುವ ಒಂದೇ ಜಾಗ ಹುಳದ ಮನೆ. ಅಲ್ಲಿ ಅವಳು ನಿಲ್ಲು ಅಂದರೆ ಭಾವನೂ ನಿಲ್ಲಬೇಕು, ಕಾಲು ತೊಳಿ ಅಂದರೆ ಅತ್ತೆಯೂ ತೊಳೆಯಬೇಕು. ಸೇವಂತಿಗೆ ಬಂದರೆ ಅವಳು ಹೂ ಬಿಡಿಸುವ ಆಳಾಗುತ್ತಾಳೆ ಅಷ್ಟೆ. ಇದನ್ನು ಅವಳು ಬಾಯಿ ಬಿಟ್ಟು ಹೇಳಲಿಲ್ಲ. ಫೋನಿನಲ್ಲಿ "ಏನಾದ್ರೂ ಮಾಡೇ, ನಿನ್ ಸೈನ್ಸು ಯಾವತ್ತಿಗಿರೋದು" ಅಂದಳು. ಅವಳು ನನ್ನನ್ನು ಏನಾದರೂ ಕೇಳಿದ್ದು ಅದೇ ಮೊದಲು.

ಏನು ಮಾಡಬೇಕೆಂದು ನನಗೆ ಕೂಡಲೇ ಹೊಳೆಯಿತು. ಕಿಟಕಿಗೆ ಗೋಣಿಚೀಲ ಕಟ್ಟುವುದು. ಎರಡು ಸಾಲು ಚಂದ್ರಿಕೆಗಳ ಮೇಲೆ ಉದ್ದಕ್ಕೂ ಎಲ್‌ಇಡಿ ಪಟ್ಟಿ ಎಳೆಯುವುದು. ಬೋರ್ಡು ಪಟ್ಟಿಯನ್ನು ಹದವಾಗಿ, ಮಂದವಾಗಿ ಉರಿಸುತ್ತದೆ. ಮೊದಲ ಚಂದ್ರಿಕೆಗೆ ಎಷ್ಟು ಬೆಳಕೋ ಕೊನೆಯದಕ್ಕೂ ಅಷ್ಟೇ. ಹುಳದ ಮನೆಯಲ್ಲಿ ಕೆಲಸ ಮಾಡುವ ಪ್ಲಗ್ ಪಾಯಿಂಟ್ ಒಂದೇ, ಮಿಕ್ಕವು ವರ್ಷವಿಡೀ ಬ್ಲೀಚಿಂಗ್ ನೀರು ಕುಡಿದು ಸತ್ತಿವೆ. ಹಾಗಾಗಿ ಬೋರ್ಡಿಗೂ ಪಟ್ಟಿಗೂ ಒಂದೇ ಪವರ್ ಸಪ್ಲೈ. ಐದು ವೋಲ್ಟಿನ, ತೂತು ತೂತಿನ ತಗಡಿನ ಡಬ್ಬಿ. ಎರಡಕ್ಕೂ ಸಾಕಾಗಿ ಮಿಗುವಷ್ಟು ಶಕ್ತಿ ಅದಕ್ಕಿತ್ತು.

ಭಾವ ಕೇಳಿ ನಕ್ಕರು. "ಏನ್ ಟೀಚರಮ್ಮ, ಹುಳಕ್ಕೆ ಸೀರಿಯಲ್ ಸೆಟ್ ಹಾಕ್ತೀಯಂತೆ? ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು!"

ಮೈ ಉರಿದು ಹೋಯಿತು. ಭಾವ ಅಂತ ಸುಮ್ಮನಾದೆ.

ಆ ಭಾನುವಾರ ನಾನು ಇನ್ನೂ ಹಲ್ಲುಜ್ಜುತ್ತಿದ್ದೆ, ಅಕ್ಕನ ಫೋನು. "ಹಣ್ಣಾಗ್ಬಿಟ್ವು ಕಣೇ! ನಾಳೆ ಆಗ್ತವೆ ಅಂದ್ಕೊಂಡಿದ್ದೆ. ಎದ್ದು ಬಾ, ಹಂಗೇ ಬಾ!" ಹಂಗೇ ಹೋದೆ. ಚೀಲಕ್ಕೆ ಪಟ್ಟಿ, ಡಬ್ಬಿ, ಬೋರ್ಡು, ಮಲ್ಟಿಮೀಟರು, ಸೋಲ್ಡರ್ ಕಡ್ಡಿ, ಟೇಪು ತುಂಬಿಕೊಂಡು ಶಿಡ್ಲಘಟ್ಟದ ಬಸ್ಸು ಹತ್ತಿದೆ. ಲ್ಯಾಪ್‌ಟಾಪು ಮೇಜಿನ ಮೇಲೆ ಉಳಿಯಿತು. ಬೋರ್ಡಿಗೆ ಪ್ರೋಗ್ರಾಮ್ ತುಂಬಿಯಾಗಿದೆ, ಅದು ಯಾಕೆ ಬೇಕು ಅಂದುಕೊಂಡೆ.

ಹುಳದ ಮನೆಯ ಬಾಗಿಲಲ್ಲಿ ಅಕ್ಕ ನನ್ನ ಕುತ್ತಿಗೆ ಹತ್ತಿರ ಮೂಗು ತಂದಳು. "ಪೌಡರ್ ಹಾಕ್ಕೊಂಡಿದ್ದೀಯಾ?"

"ಚೂರು."

"ಚೂರೂ ಇಲ್ಲ ಗೀರೂ ಇಲ್ಲ. ಹೋಗಿ ಸ್ನಾನ ಮಾಡು."

ವಾಸನೆ, ಹೊಗೆ, ಔಷಧಿ ಅಂಟಿದ ಕೈ, ಯಾವುದೂ ಹುಳಕ್ಕೆ ಆಗದು. ತಣ್ಣೀರು ಸುರಿದುಕೊಂಡು, ಅಕ್ಕನ ಹಳೇ ನೈಟಿ ತೊಟ್ಟು, ಬ್ಲೀಚಿಂಗ್ ನೀರಿನ ಟ್ರೇಯಲ್ಲಿ ಪಾದ ಅದ್ದಿ ಒಳಗೆ ಕಾಲಿಟ್ಟೆ. ಭಾವ ಇರಲಿಲ್ಲ. ಸೇವಂತಿಗೆ ಸಸಿ ನೋಡಲು ಚಿಂತಾಮಣಿಗೆ ಹೋಗಿದ್ದರು. ಹುಳ ಹಣ್ಣಾಗುವ ದಿನವೇ! ಬೇಕಂತಲೇ ಅಂತ ನನಗೆ ಅನ್ನಿಸಿತು, ಅಕ್ಕನ ಮುಖ ನೋಡಿ ಕೇಳಲಿಲ್ಲ. ಒಳಗೆ ಅಕ್ಕ, ಅವಳ ಅತ್ತೆ, ಕೂಲಿಗೆ ಬಂದ ಇಬ್ಬರು ಹೆಂಗಸರು ಬಗ್ಗಿ ಬಗ್ಗಿ ಆಯುತ್ತಿದ್ದರು.

ಮೊದಲ ಸಾಲಿಗೆ ಪಟ್ಟಿ ಎಳೆದು ಸ್ವಿಚ್ ಒತ್ತಿದೆ. ಎಲ್ಲ ದೀಪವೂ ಸರಿಯಾಗಿವೆಯೇ ಎಂದು ತೋರಿಸಲು ಪಟ್ಟಿ ಒಂದು ಕ್ಷಣ ಪೂರ್ತಿ ಬೆಳ್ಳಗೆ ಹೊತ್ತಿ, ಆಮೇಲೆ ಮಂದವಾಯಿತು. ಶುರುವಿನ ಆ ಪರೀಕ್ಷೆಯನ್ನು ಪ್ರೋಗ್ರಾಮಿನಲ್ಲಿ ನಾನೇ ಬರೆದಿದ್ದೆ. ಹುಳ ಇನ್ನೂ ಆ ಕಡೆ ಇರಲಿಲ್ಲ. ಉರಿಯುತ್ತಿರುವಾಗಲೇ ಎರಡನೇ ಸಾಲಿನ ಪಟ್ಟಿಯನ್ನು ಮೊದಲನೆಯದರ ಬಾಲಕ್ಕೆ ಸಿಕ್ಕಿಸಿದೆ. ಅದೂ ಉರಿಯಿತು. ಕಿಟಕಿಗೆ ಗೋಣಿ ಕಟ್ಟಿದೆವು. ಉದ್ದಕ್ಕೂ ಒಂದೇ ಸಮನಾದ ಬೆಳಕು. ಕೂಲಿ ಹೆಂಗಸೊಬ್ಬಳು "ಅಯ್ಯೋ, ಸೂಜಿ ಬಿದ್ರೂ ಕಾಣ್ತದಲ್ಲಕ್ಕ" ಅಂದಳು. ಅಕ್ಕ ಚಂದ್ರಿಕೆಗಳಿಗೆ ಹುಳ ಬಿಡತೊಡಗಿದಳು. ಹುಳ ಅಲ್ಲಲ್ಲೇ ಜಾಗ ಹಿಡಿದು ತಲೆಯಾಡಿಸಿ ಎಳೆ ಬಿಡಲು ಶುರು ಮಾಡಿದವು. ನಾನು ಆ ಗಳಿಗೆಯಲ್ಲಿ ಬೀಗಿದ್ದೆ, ಸುಳ್ಳು ಯಾಕೆ ಹೇಳಲಿ.

ಊಟದ ಹೊತ್ತಿಗೆ ತ್ರೀಫೇಸ್ ಕರೆಂಟ್ ಬಂತು. ನಮ್ಮ ಸೀಮೆಯಲ್ಲಿ ಅದು ಬಂದ ಕೂಡಲೇ ತೋಟತೋಟದ ಬೋರ್‌ವೆಲ್ ಮೋಟರುಗಳು ಒಟ್ಟಿಗೆ ಏಳುತ್ತವೆ. ಎಲ್ಲರೂ ಸ್ವಿಚ್ಚನ್ನು ಆಟೋದಲ್ಲೇ ಬಿಟ್ಟಿರುತ್ತಾರೆ. ಹಜಾರದ ಫ್ಯಾನು ನಿಧಾನವಾಯಿತು. ನನ್ನ ಪಟ್ಟಿ ಕಣ್ಣು ಮಿಟುಕಿಸಿತು, ಆರಿತು. ಮರುಕ್ಷಣ ಇಡೀ ಹುಳದ ಮನೆ ಬೆಳ್ಳಗೆ ಹೊತ್ತಿಕೊಂಡಿತು. ಆರಿತು. ಮತ್ತೆ ಬೆಳ್ಳಗೆ. ಆರಿತು. ಮತ್ತೆ.

ಕರೆಂಟು ಕುಗ್ಗಿದಾಗ ಬೋರ್ಡು ಸತ್ತು ಮತ್ತೆ ಎದ್ದಿತ್ತು. ಎದ್ದ ಕೂಡಲೇ ಪರೀಕ್ಷೆಗೆಂದು ಪೂರ್ತಿ ಬೆಳಕು ಹಾಕುತ್ತದೆ. ಈಗ ಒಂದಲ್ಲ, ಎರಡು ಸಾಲು. ಅಷ್ಟೂ ದೀಪ ಒಟ್ಟಿಗೆ ಎಳೆದರೆ ನನ್ನ ಸಣ್ಣ ತಂತಿಯಲ್ಲಿ ವೋಲ್ಟೇಜು ಕುಸಿಯುತ್ತದೆ. ಅದೇ ತಂತಿಯಿಂದ ಉಣ್ಣುವ ಬೋರ್ಡು ಮತ್ತೆ ಸಾಯುತ್ತದೆ. ದೀಪ ಆರಿತೆಂದರೆ ವೋಲ್ಟೇಜು ಏರುತ್ತದೆ, ಬೋರ್ಡು ಏಳುತ್ತದೆ, ಮತ್ತೆ ಪೂರ್ತಿ ಬೆಳಕು. ತಾನೇ ತನ್ನ ಕತ್ತು ಹಿಸುಕಿಕೊಳ್ಳುತ್ತಿತ್ತು.

"ಆರ್ಸೇ! ಆರ್ಸೇ ಮುಂಡೇದೇ!" ಅಕ್ಕ ಕಿರುಚಿದಳು.

ಪ್ಲಗ್ ಕಿತ್ತೆ. ಆ ವೋಲ್ಟೇಜಿಗೆ ಟ್ಯೂಬ್‌ಲೈಟೂ ಹತ್ತದು. ಕತ್ತಲು. ಅಕ್ಕ ಮೊಬೈಲಿನ ಬೆಳಕು ಬಿಟ್ಟು ನೋಡಿದಳು. ಎಳೆ ಬಿಡುತ್ತಿದ್ದ ಹುಳಗಳು ಕೈಬಿಟ್ಟು ಅಂಚಿಗೆ, ತಟ್ಟಿಯ ಹಿಂದಕ್ಕೆ ಹರಿಯುತ್ತಿದ್ದವು. ಕೆಲವು ಆಗಲೇ ಒಂದಕ್ಕೊಂದು ಒತ್ತಿಕೊಂಡಿದ್ದವು. ಇನ್ನೂ ಅರ್ಧಕ್ಕರ್ಧ ಹುಳ ಆಯುವುದು ಬಾಕಿ. ಗೋಣಿ ತೆಗೆದರೆ ಪಡುವಣದ ಬಿಸಿಲು ಒಳಗೆ ಬರುವ ಹೊತ್ತು. ತೆಗೆಯದಿದ್ದರೆ ಕಣ್ಣು ಕಾಣದು.

"ಕರೆಂಟಿಂದಾನೇ ಅಕ್ಕ, ಆ ಮೋಟರುಗಳು..." ಅಂದೆ.

"ಕುಣಿಯೋಕೆ ಬರ್ದೋಳು ನೆಲ ಡೊಂಕು ಅಂದ್ಳಂತೆ. ಕರೆಂಟು ಇವತ್ತು ಹೊಸದಾಗಿ ಹುಟ್ಟಿತಾ ಈ ಊರಲ್ಲಿ? ಸರಿ ಮಾಡೋಕಾಗತ್ತಾ ಇಲ್ವಾ, ಅದನ್ನ ಹೇಳು."

ಅಂಗಳಕ್ಕೆ ಬಂದು ಚೀಲವನ್ನೆಲ್ಲ ಸುರಿದು ನೋಡಿದೆ. ಲ್ಯಾಪ್‌ಟಾಪು ಇದ್ದಿದ್ದರೆ ಆ ಹಾಳು ಪರೀಕ್ಷೆಯ ಸಾಲು ಅಳಿಸಿ ಕೈ ತೊಳೆದುಕೊಳ್ಳಬಹುದಿತ್ತು. ಅದು ಚಿಕ್ಕಬಳ್ಳಾಪುರದಲ್ಲಿ. ಒಳಗೆ ಹೋಗಿ, ಒಂದೆರಡು ಕ್ಷಣ ಮಾತ್ರ ಪ್ಲಗ್ ಸಿಕ್ಕಿಸಿ ಮೀಟರು ಹಿಡಿದು ನೋಡಿದೆ. ಡಬ್ಬಿಯ ಬಾಯಲ್ಲಿ ಐದು ವೋಲ್ಟು ಗಟ್ಟಿಯಾಗಿತ್ತು, ಪಟ್ಟಿಯ ಬಾಲದಲ್ಲಿ ಏನೂ ಉಳಿದಿರಲಿಲ್ಲ. ಡಬ್ಬಿಯಲ್ಲಿ ಶಕ್ತಿ ಇತ್ತು, ದಾರಿ ಕಿರಿದಾಗಿತ್ತು.

"ಡ್ರಿಪ್ ಪೈಪಿನ ಹಾಗೆ ಅಕ್ಕ. ಪೈಪು ಸಣ್ಣದಾದ್ರೆ ಕೊನೇ ಗಿಡಕ್ಕೆ ನೀರು ಹೋಗಲ್ಲ. ಡಬ್ಬಿಯಿಂದಾನೇ ದಪ್ಪ ತಂತಿ ತಗೊಂಡು ಪಟ್ಟಿಯ ನಡುವಿಗೂ ಕೊನೆಗೂ ಬೇರೆ ಬೇರೆ ಕೊಡ್ಬೇಕು. ಬೋರ್ಡಿಗೆ ಮೊದಲೇ, ಡಬ್ಬಿ ಬಾಯಲ್ಲೇ, ಅದರದ್ದೇ ಜೋಡಿ ತಂತಿ. ಆಗ ಪೂರ್ತಿ ಉರಿದ್ರೂ ಸಾಯಲ್ಲ."

"ದಪ್ಪ ಅಂದ್ರೆ ಎಷ್ಟು ದಪ್ಪ?"

"ತಾಮ್ರ. ದಪ್ಪಗಿದ್ದಷ್ಟೂ ಒಳ್ಳೇದು. ಶಿಡ್ಲಘಟ್ಟಕ್ಕೆ ಹೋಗಿ ತರೋಷ್ಟರಲ್ಲಿ..."

ಅಕ್ಕ ಆಗಲೇ ಕೊಟ್ಟಿಗೆಯ ಕಡೆ ಹೊರಟಿದ್ದಳು. ಕೊಟ್ಟಿಗೆಯ ಗೂಟದಲ್ಲಿ ಭಾವ ಒಂದು ಸುರುಳಿ ಕೇಬಲ್ ನೇತುಹಾಕಿದ್ದರು. ಬೋರಿನ ನೀರು ಇನ್ನೂ ಕೆಳಗೆ ಇಳಿದಿದೆ, ಪಂಪನ್ನು ಇನ್ನಷ್ಟು ಆಳಕ್ಕೆ ಇಳಿಸಬೇಕು ಎಂದು ತಂದಿಟ್ಟ ಹೊಸ ಕೇಬಲ್. ನೀರೊಳಗೆ ಹೋಗುವ ಕೇಬಲ್ಲು ಇಡೀ ಒಂದೇ ಉದ್ದ ಇರಬೇಕು, ಕತ್ತರಿಸಿದರೆ ಆ ಕೆಲಸಕ್ಕೆ ನೆಚ್ಚುವ ಹಾಗಿಲ್ಲ. ನನಗೆ ಗೊತ್ತು, ಅಕ್ಕನಿಗೆ ನನಗಿಂತ ಚೆನ್ನಾಗಿ ಗೊತ್ತು. ಆ ಸುರುಳಿಯನ್ನು ಮುಟ್ಟಬೇಡಿ ಅಂತ ಭಾವ ಮನೆಯಲ್ಲಿ ದಿನಾ ಹೇಳುತ್ತಿದ್ದರಂತೆ. ಅಕ್ಕ ಸುರುಳಿಯನ್ನು ನೆಲಕ್ಕೆ ಹಾಕಿ, ಸೊಪ್ಪಿನ ಕಡ್ಡಿ ಸವರುವ ಕತ್ತರಿ ತಂದಳು.

"ಬೇಡ ಅಕ್ಕ. ಭಾವ ಬರ್ಲಿ, ಒಂದು ಮಾತು ಕೇಳಣ."

"ಅವರು ಬಂದು ಆಗಲ್ಲ ಅಂದ್ರೆ? ಹುಳ ಕಾಯ್ತವಾ?"

ಅವಳ ಅತ್ತೆ ಬಾಗಿಲಲ್ಲಿ ನಿಂತು ಎದೆ ಎದೆ ಬಡಿದುಕೊಂಡರು. ಆ ಮನೆಯಲ್ಲಿ ಸಿಟ್ಟು, ಭಯ ಎರಡೂ ತೆಲುಗಿನಲ್ಲೇ ಬರುತ್ತವೆ. "ವದ್ದಮ್ಮಾ! ವಾಡು ಚಂಪೇಸ್ತಾಡು!" ಬೇಡಮ್ಮ, ಅವನು ಕೊಂದೇ ಬಿಡ್ತಾನೆ ಅಂತ. ಅಕ್ಕ ಅತ್ತೆಯ ಮುಖವನ್ನೇ ನೋಡುತ್ತಾ ಕತ್ತರಿ ಒತ್ತಿದಳು. ತಾಮ್ರ ಗಟ್ಟಿಯಿತ್ತು, ಒಂದೇಟಿಗೆ ತುಂಡಾಗಲಿಲ್ಲ. ಎರಡೂ ಕೈ ಸೇರಿಸಿ, ಹಲ್ಲು ಕಚ್ಚಿ ಒತ್ತಿದಳು.

ಆಮೇಲೆ ನಾನು ಹೇಗೆ ಕೆಲಸ ಮಾಡಿದೆನೋ. ಡಬ್ಬಿಯ ಕಡೆಯದನ್ನೆಲ್ಲ ಅಂಗಳದಲ್ಲೇ ಕೂಡಿಸಿದೆ. ಪಟ್ಟಿಯ ನಡು, ಕೊನೆ ಒಳಗೇ ಆಗಬೇಕು. ಸೋಲ್ಡರ್ ಕಡ್ಡಿ ಎತ್ತಿಕೊಂಡೆ ಅಷ್ಟೆ, ಅಕ್ಕ "ಒಳಗೆ ಹೊಗೆ ಎದ್ರೆ ನಿನ್ನೇ ಸುಡ್ತೀನಿ" ಅಂದಳು. ಸರಿ, ತಂತಿ ಬೆತ್ತಲೆ ಮಾಡಿ, ಹುರಿ ಹೊಸೆದು, ಟೇಪು ಸುತ್ತುವುದು. ಒಬ್ಬ ಹೆಂಗಸು ಮೊಬೈಲು ಹಿಡಿದಿದ್ದಳು. ಪ್ಲಸ್ಸು ಮೈನಸ್ಸು ಅದಲುಬದಲಾದರೆ ಪಟ್ಟಿ, ಬೋರ್ಡು ಎರಡೂ ಭಸ್ಮ. ಒಂದೊಂದು ಕೂಡಿಕೆಯನ್ನೂ ಮೀಟರಿನಲ್ಲಿ ನೋಡಿದೆ, ನಂಬಿಕೆ ಬಾರದೆ ಮತ್ತೊಮ್ಮೆ ನೋಡಿದೆ. ಬೆವರು ಕಣ್ಣಿಗೆ ಇಳಿಯುತ್ತಿತ್ತು. ಕಾಲ ಬಳಿ ಹುಳ ಹರಿಯುತ್ತಿದ್ದವು, ಎಲ್ಲಿ ತುಳಿದೇನೋ ಅಂತ ಪಾದ ಎತ್ತದೆ ಎಳೆಯುತ್ತಾ ನಡೆದೆ. ಗೋಣಿಯ ಸಂದಿಯಲ್ಲಿ ಬಿಸಿಲು ಗೆರೆಯಾಗಿ ಒಳಗೆ ಬಂದಿತ್ತು.

ಬೈಕು ನಿಂತ ಸದ್ದು. ಆಮೇಲೆ ಭಾವನ ಕೂಗು. "ಯಾವನೋ ನನ್ ಕೇಬಲ್ ಕತ್ರಿಸಿದ್ದು?"

ಭಾವ ತುಂಡಾದ ಕೇಬಲ್ಲಿನ ತುದಿ ಹಿಡಿದುಕೊಂಡು ಹುಳದ ಮನೆಯ ಬಾಗಿಲಿಗೆ ಬಂದರು. ಮುಖ ಕೆಂಡ. ಬಂದವರು ಬಾಗಿಲಲ್ಲಿ ನಿಂತರು, ಚಪ್ಪಲಿ ಬಿಟ್ಟರು, ಬೈಯುತ್ತಲೇ ಬ್ಲೀಚಿಂಗ್ ನೀರಿನಲ್ಲಿ ಒಂದು ಕಾಲು ಅದ್ದಿದರು, ಬೈಯುತ್ತಲೇ ಇನ್ನೊಂದು ಕಾಲು. ಕೈಯನ್ನೂ ತೊಳೆದರು. ನನಗೆ ನಗು ಬರಬೇಕಿತ್ತು, ಬರಲಿಲ್ಲ. ಅಷ್ಟು ಹೆದರಿದ್ದೆ.

"ಹಾಕೇ," ಅಕ್ಕ ನನಗೆ ಅಂದಳು, ಅವರ ಕಡೆ ತಿರುಗದೆ.

ಸ್ವಿಚ್ ಒತ್ತಿದೆ. ಬೆಳ್ಳಗೆ ಹೊತ್ತಿತು. ಈಗ ಆರುತ್ತದೆ, ಈಗ ಆರುತ್ತದೆ ಅಂತ ಕಣ್ಣು ಮುಚ್ಚಿದೆ. ಕಣ್ಣು ಬಿಟ್ಟಾಗ ಮಂದ ಬೆಳಕು ಮೊದಲ ಚಂದ್ರಿಕೆಯಿಂದ ಕೊನೆಯದರವರೆಗೂ ನಿಂತಿತ್ತು. ಆಚೆ ಮೋಟರುಗಳು ಓಡುತ್ತಲೇ ಇದ್ದವು. ನನಗೆ ಅಳು ಒತ್ತಿಕೊಂಡು ಬಂತು.

"ಯಾರು ಕತ್ರಿಸಿದ್ದು?" ಭಾವ ಮತ್ತೆ ಕೇಳಿದರು, ದನಿ ತಗ್ಗಿಸಿ. ಹುಳದ ಮನೆಯೊಳಗೆ ಯಾರೂ ಕಿರುಚುವುದಿಲ್ಲ, ಅಕ್ಕ ಒಬ್ಬಳನ್ನು ಬಿಟ್ಟು.

"ನಾನು."

"ಅದು ಬೋರಿಗೆ ಇಟ್ಟಿದ್ದು."

"ಗೊತ್ತು."

ಭಾವ ಅಕ್ಕನನ್ನು ನೋಡಿದರು, ನೆಲ ನೋಡಿದರು. ನೆಲದ ತುಂಬ ಹುಳ. "ಕೊನೇ ಬೆಳೆ ಅಂತ ಹೇಳಿದ್ದೀನಿ. ಗೂಡು ಬಿಡಿಸಿದ ದಿನ ಮಾತಾಡಣ," ಅಂದು ಕೇಬಲ್ಲನ್ನು ಬಾಗಿಲಾಚೆ ಎಸೆದು, ಒಂದು ತಟ್ಟೆ ತೆಗೆದುಕೊಂಡು ಕುಕ್ಕರುಗಾಲಲ್ಲಿ ಕೂತು ಹುಳ ಆಯತೊಡಗಿದರು. ಸಂಜೆಯವರೆಗೂ ತಟ್ಟೆ ಕೆಳಗಿಡಲಿಲ್ಲ.

ಆ ವಾರ ಸ್ಕೂಲಿನಲ್ಲಿ ಏನು ಪಾಠ ಮಾಡಿದೆನೋ ದೇವರಿಗೇ ಗೊತ್ತು. ಫೋನು ಗುಂಯ್ ಅಂದರೆ ಸೀಮೆಸುಣ್ಣ ಕೆಳಗಿಟ್ಟು ಓಡುತ್ತಿದ್ದೆ. "ಹೆಂಗೈತೆ" ಅಂತ ಕೇಳಿದರೆ ಅಕ್ಕ "ಬಿಡಿಸಿದಾಗ ನೋಡಣ" ಅನ್ನುವಳು. ಗೂಡು ಪೂರ್ತಿಯಾಗುವ ಮುಂಚೆ ಚೆನ್ನಾಗಿದೆ ಅನ್ನಬಾರದು, ಕಣ್ಣು ಬೀಳುತ್ತದೆ. ಬಿಡಿಸುವ ದಿನ ನಾನು ರಜೆ ಹಾಕಿ ಹೋದೆ. ಬೆಳಕು ಹೊಡೆದಾಗ ಅಂಚಿಗೆ ಓಡಿದ್ದ ಹುಳಗಳು ಜೋಡಿ ಕಟ್ಟಿದ್ದವು, ಅದನ್ನು ಮುಚ್ಚಿಡುವುದಿಲ್ಲ. ಒಂದು ಬುಟ್ಟಿಯ ತಳ ಮುಚ್ಚುವಷ್ಟು. ಮಿಕ್ಕದ್ದೆಲ್ಲ ಒಂಟಿ ಗೂಡು, ಬಿಳಿ, ಒತ್ತಿದರೆ ಗಟ್ಟಿ. ಅಕ್ಕ ಕೈಯಲ್ಲಿ ಹಿಡಿದು ನೋಡುತ್ತಾ ಕೂತೇ ಇದ್ದಳು. ಭಾವನೂ ಬಂದು ಹಿಡಿದು ನೋಡಿದರು. ಮಾತಾಡಣ ಅಂದವರು ಅವರೇ, ಮಾತೇ ಎತ್ತಲಿಲ್ಲ. ಅದರಿಂದ ನನಗೆ ಇನ್ನೂ ಭಯವಾಯಿತು.

ಮಾರನೆಯ ದಿನ ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿಗೆ ಮೂವರೂ ಹೋದೆವು. ಗೂಡು ಸುರಿದು ನಿಂತೆವು. ವಯಸ್ಸಾದ ರೀಲರೊಬ್ಬರು ಒಂದು ಹಿಡಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಅಡಿಯಿಂದ ಇನ್ನೊಂದು ಹಿಡಿ ತೆಗೆದು ನೋಡಿದರು. ತಲೆಯಾಡಿಸಿದರು. ಆಮೇಲೆ ದಿನಾ ನೂರು ಜನರನ್ನು ಕೇಳುವ ಮಾತನ್ನೇ ಭಾವನ ಕಡೆ ತಿರುಗಿ ಕೇಳಿದರು. "ಮುಂದಿನ ಬೆಳೆ ಯಾವಾಗಪ್ಪಾ?"

ಭಾವ ಗಂಟಲು ಸರಿ ಮಾಡಿಕೊಂಡರು. "ಬೆಳೆ ಅಂದ್ರೆ... ನಾವು ಈ ಸಲ ತೋಟ..."

"ಮುಂದಿನ ವಾರ ಚಾಕಿ ಬರ್ತವೆ," ಅಂದಳು ಅಕ್ಕ.

ಚಾಕಿ ಅಂದರೆ ಮೊಟ್ಟೆಯೊಡೆದು ಹೊರಬಂದ ಮರಿ ಹುಳ. ಮೊದಲೇ ಹೇಳಿದರೆ ಸಾಕಿ ಕೊಡುವವರು ಇದ್ದಾರೆ. ಹಾಗೆ ಹೇಳಬೇಕಾದರೆ ಬಹಳ ಮುಂಚೆಯೇ ಹೇಳಿರಬೇಕು.

ಭಾವ ಅವಳ ಕಡೆ ತಿರುಗಿದರು. "ಯಾವಾಗ ಹೇಳಿದ್ದು?"

"ನೀವು ಸೇವಂತಿಗೆ ಸಸಿ ನೋಡೋಕೆ ಹೊರಟ್ರಲ್ಲ, ಅವತ್ತು. ನಿಮ್ಮ ಬೈಕು ತಿರುವು ದಾಟಿರ್ಲಿಲ್ಲ, ಚಾಕಿಯೋರಿಗೆ ಫೋನ್ ಮಾಡ್ದೆ."

"ಬೆಳೆ ಕೆಟ್ಟಿದ್ರೆ?"

"ಕೆಟ್ಟಿದ್ರೂ ಬರ್ತಿದ್ವು. ಆಗ್ಲೇ ಮೊಟ್ಟೆ ಒಡೆದವೆ ರೀ. ಸಾಸಿವೆ ಕಾಳಷ್ಟು ಹುಳ, ಬಾಯ್ ಬಿಟ್ಕೊಂಡು ಸೊಪ್ಪು ಕಾಯ್ತಾ ಅವೆ. ಈಗ ತೋಟ ಕೀಳ್ತೀರಾ? ಕೀಳ್ತೀನಿ ಅನ್ನಿ ನೋಡಣ."

ಅಷ್ಟು ಜನರ ಮಧ್ಯೆ, ತಲೆ ಎತ್ತಿ, ಒಂದು ಅಕ್ಷರ ತೊದಲದೆ ಕೇಳಿದಳು. ನಾನು ಅವಳ ಪಕ್ಕದಲ್ಲೇ ಇದ್ದೆ. ಸೆರಗಿನ ಕೆಳಗೆ ಅವಳ ಕೈ ನನ್ನ ಮಣಿಕಟ್ಟನ್ನು ಎಷ್ಟು ಬಿಗಿಯಾಗಿ ಹಿಡಿದಿತ್ತೆಂದರೆ, ಬಳೆ ಒತ್ತಿ ನೋಯುತ್ತಿತ್ತು.

ಭಾವ ಒಂದು ಗೂಡು ಎತ್ತಿ ಒತ್ತಿ ನೋಡಿ, ವಾಪಸ್ಸು ರಾಶಿಗೆ ಹಾಕಿದರು. ಕೊನೆಗೆ ರೀಲರಿಗೆ, "ಮುಂದಿನ ಬೆಳೆ ವಿಷಯ ಅವಳ್ನೇ ಕೇಳಿ," ಅಂದರು.

ಅಕ್ಕ ಕೈ ಬಿಡಲಿಲ್ಲ.